ಕೇಳುವಿಕೆಯ ಅರ್ಥ: ಕ್ರೈಸ್ತ ಧರ್ಮಗ್ರಂಥದ ದೇವಸ್ವರ ಮತ್ತು ಉಪ್ಪುಂದ ಸೀಮೆಯ ನುಡಿ

ಕನ್ನಡದಲ್ಲಿ 'ಕೇಳು' ಎಂಬ ಕ್ರಿಯಾಪದಕ್ಕೆ ಮುಖ್ಯವಾಗಿ ಮೂರು ಅರ್ಥಗಳಿವೆ. ಕಿವಿಗೆ ಬಿದ್ದುದನ್ನು ಗ್ರಹಿಸುವುದು ಒಂದು. ಪ್ರಶ್ನಿಸುವುದು ಅಥವಾ ಬೇಡುವುದು ಎರಡನೆಯದು. ಹೇಳಿದಂತೆ ನಡೆಯುವುದು ಮೂರನೆಯದು. ಹಾಡು ಕೇಳುತ್ತೇವೆ, ದಾರಿ ಕೇಳುತ್ತೇವೆ, ಹಿರಿಯರ ಮಾತು ಕೇಳುತ್ತೇವೆ. ಮೂರೂ ಸಂದರ್ಭಗಳಲ್ಲಿ ಕ್ರಿಯಾಪದ ಒಂದೇ. ತುಳುವಿನಲ್ಲಿಯೂ ತಮಿಳಿನಲ್ಲಿಯೂ ಇದರ ಸೋದರ ಪದಗಳು ಆಲಿಸುವುದು ಮತ್ತು ಪ್ರಶ್ನಿಸುವುದು ಎಂಬ ಅರ್ಥಗಳನ್ನು ಒಟ್ಟಿಗೇ ಹೊತ್ತಿವೆ. ಕ್ರೈಸ್ತ ಧರ್ಮಗ್ರಂಥವು ಕನ್ನಡಕ್ಕೆ ಬಂದಾಗ ದೇವರ ಸ್ವರವನ್ನು ಆಲಿಸುವ ಪ್ರಸಂಗಗಳೆಲ್ಲವೂ ಈ ಒಂದು ಪದದ ಮೂಲಕವೇ ಹಾದುಬರಬೇಕಾಯಿತು. ಹಾಗೆ ಹಾದುಬಂದಾಗ ಕರಾವಳಿಯ ಜನಪದದಲ್ಲಿ ಮೊದಲೇ ನೆಲೆಗೊಂಡಿದ್ದ ಇನ್ನೊಂದು ದಿವ್ಯವಾಣಿಯ ಪರಂಪರೆ ಅದಕ್ಕೆ ಎದುರಾಯಿತು. ಈ ಎರಡರ ಮುಖಾಮುಖಿಯನ್ನು ಉಪ್ಪುಂದ ಸೀಮೆಯನ್ನು ನೆಲೆಯಾಗಿ ಇಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಉಪ್ಪುಂದ ಸೀಮೆಯ ನುಡಿ ಪರಂಪರೆ

ಉಪ್ಪುಂದವು ಉಡುಪಿ ಜಿಲ್ಲೆಯ ಬೈಂದೂರಿಗೆ ದಕ್ಷಿಣದಲ್ಲಿರುವ ಕಡಲತಡಿಯ ಗ್ರಾಮ. ಮೊದಲು ಕುಂದಾಪುರ ತಾಲೂಕಿಗೆ ಸೇರಿದ್ದ ಈ ಭಾಗ 2018ರಲ್ಲಿ ರಚನೆಯಾದ ಬೈಂದೂರು ತಾಲೂಕಿಗೆ ಸೇರಿತು. ಊರಿನ ದುರ್ಗಾಪರಮೇಶ್ವರಿ ದೇವಾಲಯದ ರಥೋತ್ಸವವು ಕೊಡಿಹಬ್ಬವೆಂದು ಪ್ರಸಿದ್ಧವಾಗಿದೆ. ಇಲ್ಲಿಯ ಮನೆಮಾತುಗಳಲ್ಲಿ ಕುಂದಾಪುರ ಕನ್ನಡವೂ ಕೊಂಕಣಿಯೂ ಪ್ರಮುಖವಾದವು. ಮೀನುಗಾರಿಕೆ ಮತ್ತು ಬೇಸಾಯ ಇಲ್ಲಿಯ ಬದುಕಿನ ಎರಡು ಆಧಾರಗಳು. ದೇವಾಲಯದ ಆರಾಧನೆಯ ಜೊತೆಜೊತೆಗೆ ಮನೆ, ಗದ್ದೆ, ಕಡಲಂಚುಗಳಲ್ಲಿ ದೈವಗಳ ಆರಾಧನೆಯೂ ಈ ಸೀಮೆಯಲ್ಲಿ ನಡೆದುಕೊಂಡು ಬಂದಿದೆ. ಹಾಯ್ಗುಳಿ, ಪಂಜುರ್ಲಿ, ಚಿಕ್ಕು, ಬೊಬ್ಬರ್ಯ ಮೊದಲಾದ ಶಕ್ತಿಗಳು ಕುಂದಾಪುರ ಪರಿಸರದ ಜನರಿಗೆ ಚಿರಪರಿಚಿತ.

ಈ ಆರಾಧನೆಯಲ್ಲಿ ದಿವ್ಯದ ಮಾತಿಗೆ 'ನುಡಿ' ಎಂದೂ, ಅದು ಮನುಷ್ಯ ದೇಹದಲ್ಲಿ ಆವಿರ್ಭವಿಸುವ ಸಂದರ್ಭಕ್ಕೆ 'ದರ್ಶನ' ಎಂದೂ, ಆ ದೇಹವನ್ನು ಒದಗಿಸುವ ವ್ಯಕ್ತಿಗೆ 'ಪಾತ್ರಿ' ಎಂದೂ ಹೆಸರು. ಪಾತ್ರಿ ಎಂಬ ಪದವೇ ಪಾತ್ರೆಯನ್ನು, ಅಂದರೆ ತುಂಬಿಕೊಳ್ಳುವ ವಸ್ತುವನ್ನು ನೆನಪಿಸುತ್ತದೆ. ಮಡಿಯುಟ್ಟು, ಹಿಂಗಾರ ಹಿಡಿದು, ವಾದ್ಯಘೋಷದ ನಡುವೆ ನಿಂತ ಪಾತ್ರಿಯ ಮೈಯಲ್ಲಿ ಆವೇಶ ಕಾಣಿಸಿಕೊಂಡ ಬಳಿಕ ಮನೆಯ ಹಿರಿಯರು ಅಥವಾ ಊರಿನ ಮುಖ್ಯಸ್ಥರು ತಮ್ಮ ಸಂಕಟವನ್ನು ಅರಿಕೆ ಮಾಡಿಕೊಳ್ಳುತ್ತಾರೆ. ತೀರದ ಹರಕೆ, ತಪ್ಪಿಹೋದ ಕಟ್ಟುಕಟ್ಟಳೆ, ಅಣ್ಣತಮ್ಮಂದಿರ ಗದ್ದೆಯ ಗಡಿ, ಮರುಕಳಿಸುವ ಕಾಯಿಲೆ ಇವೆಲ್ಲವೂ ಅಲ್ಲಿ ಪ್ರಶ್ನೆಗಳಾಗುತ್ತವೆ. ಕುಂದಾಪುರ ಪರಿಸರದಲ್ಲಿ ಪಾತ್ರಿಯ ನುಡಿ ಸಾಮಾನ್ಯವಾಗಿ ಊರಿನ ಕನ್ನಡದಲ್ಲಿಯೇ ಬರುತ್ತದೆ. ದಕ್ಷಿಣದ ತುಳು ಸೀಮೆಯಲ್ಲಿ ದೈವದ ಭಾಷೆ ಒಂದು, ಕನ್ನಡ ಬೈಬಲಿನ ಭಾಷೆ ಇನ್ನೊಂದು. ಉಪ್ಪುಂದದಂಥ ಊರಿನಲ್ಲಿ ಎರಡೂ ಕನ್ನಡವೇ ಆಗಿರುವುದರಿಂದ ಪದಗಳ ಹೋಲಿಕೆಗೆ ಇದು ಹೆಚ್ಚು ಅನುಕೂಲವಾದ ಕ್ಷೇತ್ರ.

ಇಲ್ಲಿ ಗಮನಿಸಬೇಕಾದುದು ಕ್ರಿಯೆಗಳ ಕ್ರಮ. ಮೊದಲು ಮನುಷ್ಯ ಕೇಳುತ್ತಾನೆ, ಅಂದರೆ ಪ್ರಶ್ನಿಸುತ್ತಾನೆ. ದೈವ ನುಡಿಯುತ್ತದೆ. ಮನುಷ್ಯ ಅದನ್ನು ಕೇಳುತ್ತಾನೆ, ಅಂದರೆ ಆಲಿಸುತ್ತಾನೆ. ಕೊನೆಗೆ ಆ ಮಾತನ್ನು ಕೇಳುತ್ತಾನೆ, ಅಂದರೆ ನಡೆಸಿಕೊಡುತ್ತಾನೆ. ಮೂರು ಅರ್ಥಗಳೂ ಒಂದೇ ವಿಧಿಯೊಳಗೆ ಒಂದರ ಹಿಂದೆ ಒಂದು ಬರುತ್ತವೆ. ಮೂರನೆಯದು ನಡೆಯದಿದ್ದರೆ ಮೊದಲ ಎರಡಕ್ಕೆ ಬೆಲೆಯಿಲ್ಲವೆಂಬುದು ಜನರ ತಿಳಿವಳಿಕೆ.

ಧರ್ಮಗ್ರಂಥದಲ್ಲಿ ಸ್ವರ

ಬೈಬಲಿನ ಮೊದಲ ಅಧ್ಯಾಯದಲ್ಲಿ ದೇವರು ಕಾಣಿಸಿಕೊಳ್ಳುವುದಿಲ್ಲ, ಮಾತನಾಡುತ್ತಾನೆ. ಆ ಮಾತಿನಿಂದಲೇ ಬೆಳಕು ಮೊದಲಾದವು ಉಂಟಾಗುತ್ತವೆ. ಧರ್ಮೋಪದೇಶಕಾಂಡದ 4ನೆಯ ಅಧ್ಯಾಯವು ಸೀನಾಯಿಯ ಅನುಭವವನ್ನು ಮೆಲುಕು ಹಾಕುತ್ತ, ಜನರಿಗೆ ಅಲ್ಲಿ ಶಬ್ದ ಮಾತ್ರ ಕೇಳಿಸಿತು, ಯಾವ ಆಕಾರವೂ ಕಾಣಲಿಲ್ಲವೆಂದು ಒತ್ತಿ ಹೇಳುತ್ತದೆ. ವಿಗ್ರಹ ನಿಷೇಧಕ್ಕೆ ಆಧಾರವಾಗಿ ಅಲ್ಲಿ ಬರುವ ಕಾರಣವೂ ಇದೇ. ಕಣ್ಣಿಗಿಂತ ಕಿವಿಗೆ ಪ್ರಾಧಾನ್ಯವಿರುವ ಧರ್ಮಕಲ್ಪನೆಯಿದು. ಆದರೆ ಆ ಸ್ವರ ಹಿತವಾದುದಾಗಿರಲಿಲ್ಲ. ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಗುಡುಗು, ಹೊಗೆ, ಕೊಂಬಿನ ಧ್ವನಿಗಳಿಂದ ನಡುಗಿದ ಜನರು ದೇವರು ತಮ್ಮೊಡನೆ ನೇರವಾಗಿ ಮಾತನಾಡಿದರೆ ಸತ್ತೇಹೋಗುವೆವೆಂದು ಅಂಜಿ, ನಡುವೆ ನಿಲ್ಲುವಂತೆ ಮೋಶೆಯನ್ನು ಬೇಡಿಕೊಳ್ಳುತ್ತಾರೆ. ಮಧ್ಯವರ್ತಿಯ ಅಗತ್ಯ ಇಲ್ಲಿ ಜನರ ಭಯದಿಂದ ಹುಟ್ಟುತ್ತದೆ.

ಹೀಬ್ರೂ ಭಾಷೆಯ 'ಶಮಾ' ಎಂಬ ಧಾತುವಿಗೆ ಆಲಿಸುವುದು ಮತ್ತು ವಿಧೇಯನಾಗುವುದು ಎಂಬ ಎರಡೂ ಅರ್ಥಗಳಿವೆ. ಯೆಹೂದ್ಯರು ನಿತ್ಯವೂ ಪಠಿಸುವ ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದ ಘೋಷಣೆ ಈ ಪದದಿಂದಲೇ ಆರಂಭವಾಗುತ್ತದೆ. ಗ್ರೀಕ್ ಭಾಷೆಯಲ್ಲಿ ವಿಧೇಯತೆಯ ಪದವು ಆಲಿಸುವ ಪದದಿಂದಲೇ ಸಾಧಿತವಾಗಿದೆ, ಲತೀನಿನಲ್ಲಿಯೂ ಹಾಗೆಯೇ. ಆದುದರಿಂದ 'ಮಾತು ಕೇಳು' ಎಂಬ ಕನ್ನಡ ಬಳಕೆ ಮೂಲದ ಆಶಯಕ್ಕೆ ಅತ್ಯಂತ ಸಮೀಪದ್ದೆನ್ನಬಹುದು. ಆದರೆ ಪ್ರಶ್ನಿಸುವುದಕ್ಕೆ, ಬೇಡುವುದಕ್ಕೆ ಹೀಬ್ರೂವಿನಲ್ಲಿ 'ಶಾಅಲ್' ಎಂಬ ಬೇರೆಯೇ ಧಾತುವಿದೆ. ಕನ್ನಡವು ಒಂದುಗೂಡಿಸಿದ್ದನ್ನು ಹೀಬ್ರೂ ಬೇರೆಯಾಗಿ ಇಟ್ಟಿದೆ.

ಈ ವ್ಯತ್ಯಾಸದ ಸ್ವಾರಸ್ಯ ಸಮುವೇಲನ ಕಥೆಯಲ್ಲಿ ಸ್ಪಷ್ಟವಾಗುತ್ತದೆ. ಮಕ್ಕಳಿಲ್ಲದ ಹನ್ನಳು ದೇವರಲ್ಲಿ ಬೇಡಿ ಪಡೆದ ಮಗ ಸಮುವೇಲ. ಶೀಲೋವಿನ ಆಲಯದಲ್ಲಿ ವೃದ್ಧ ಯಾಜಕ ಏಲಿಯ ಬಳಿ ಬೆಳೆಯುತ್ತಿದ್ದ ಈ ಹುಡುಗನಿಗೆ ಒಂದು ರಾತ್ರಿ ಯಾರೋ ಹೆಸರು ಹಿಡಿದು ಕರೆದದ್ದು ಕೇಳಿಸುತ್ತದೆ. ಏಲಿಯೇ ಕರೆದನೆಂದು ಭಾವಿಸಿ ಮೂರು ಸಲ ಎದ್ದು ಓಡುತ್ತಾನೆ. ಮೂರನೆಯ ಸಲ ಏಲಿಗೆ ಹೊಳೆಯುತ್ತದೆ, ಇದು ದೇವರ ಕರೆಯೆಂದು. ಉತ್ತರಿಸುವ ಬಗೆಯನ್ನು ಅವನೇ ಹುಡುಗನಿಗೆ ಕಲಿಸುತ್ತಾನೆ. ನಾಲ್ಕನೆಯ ಸಲ ಸಮುವೇಲನು ಆಲಿಸುತ್ತಾನೆ. ಅವನು ಆಲಿಸಿದ ಮೊದಲ ಸಂದೇಶವಾದರೋ ಏಲಿಯ ಮನೆತನಕ್ಕೇ ಬಂದೊದಗಲಿರುವ ದಂಡನೆಯದು.

ಕಥೆಯ ಮೂರು ಅಂಶಗಳು ಗಮನಾರ್ಹ. ದೇವಸ್ವರವು ಮನುಷ್ಯಸ್ವರದಂತೆಯೇ ಇತ್ತು, ಅದನ್ನು ಪ್ರತ್ಯೇಕಿಸಿ ತಿಳಿಯಲು ಹುಡುಗನಿಗೆ ಸಾಧ್ಯವಾಗಲಿಲ್ಲ. ಅದನ್ನು ಗುರುತಿಸಿಕೊಟ್ಟವನು ಸ್ವತಃ ಆ ಸ್ವರವನ್ನು ಆಲಿಸದ ಹಿರಿಯ. ಮತ್ತು ಆ ಸ್ವರ ಗುರುತಿಸಿಕೊಟ್ಟವನ ಪರವಾಗಿರಲಿಲ್ಲ. ದರ್ಶನದ ವೇಳೆ ಪಾತ್ರಿಯ ಎದುರು ನಿಂತು ಮಾತನಾಡಿಸುವ ಹಿರಿಯನ ಪಾತ್ರವನ್ನು ಬಲ್ಲ ಕರಾವಳಿಯ ಕೇಳುಗನಿಗೆ ಏಲಿ ಅಪರಿಚಿತನಲ್ಲ. ಆ ಹಿರಿಯನ ಮನೆಯ ತಪ್ಪನ್ನೇ ನುಡಿ ಎತ್ತಿ ಹೇಳುವ ಸಂದರ್ಭಗಳೂ ಇಲ್ಲಿಯವರಿಗೆ ಹೊಸತಲ್ಲ. ತಾಯಿ ಕೇಳಿ ಪಡೆದ ಮಗ ದೇವರ ಸ್ವರವನ್ನು ಕೇಳುವ ಮಗನಾದನೆಂದು ಕನ್ನಡದಲ್ಲಿ ಹೇಳಿದಾಗ ಎರಡು ಕ್ರಿಯೆಗಳಿಗೂ ಒಂದೇ ಪದ ಸಲ್ಲುತ್ತದೆ.

ಆದರೆ ವ್ಯತ್ಯಾಸವೂ ಇಲ್ಲಿಯೇ ಇದೆ. ಹುಡುಗ ಏನನ್ನೂ ಪ್ರಶ್ನಿಸಿರಲಿಲ್ಲ. ಸ್ವರವೇ ಮೊದಲು ಬಂದಿತು. ಅಬ್ರಹಾಮ, ಉರಿಯುವ ಪೊದೆಯ ಮುಂದೆ ನಿಂತ ಮೋಶೆ, ಯೋನ, ದಮಸ್ಕದ ದಾರಿಯ ಸೌಲ ಇವರೆಲ್ಲರ ವಿಷಯದಲ್ಲಿಯೂ ಕರೆ ಮುಂಚಿತವಾಗಿ, ಕೆಲವೊಮ್ಮೆ ಬೇಡದಿದ್ದರೂ ಬರುತ್ತದೆ. ಯೋನನಂತೂ ಕೇಳಿಸಿದ ಮಾತನ್ನು ಕೇಳಲೊಲ್ಲದೆ ಹಡಗನ್ನೇರಿ ಓಡಿಹೋಗುತ್ತಾನೆ. ಪ್ರಶ್ನಿಸಿ ಉತ್ತರ ಪಡೆಯುವ ಪದ್ಧತಿ ಬೈಬಲಿನಲ್ಲಿ ಇಲ್ಲವೆಂದಲ್ಲ. ಅರಸರು ಯುದ್ಧಕ್ಕೆ ಮುನ್ನ ದೇವರನ್ನು ವಿಚಾರಿಸುವ ಪ್ರಸಂಗಗಳಿವೆ. ಸಮುವೇಲನ ಮೊದಲ ಗ್ರಂಥದ 28ನೆಯ ಅಧ್ಯಾಯದಲ್ಲಿ ಅರಸನಾದ ಸೌಲನು ವಿಚಾರಿಸುತ್ತಾನೆ, ಉತ್ತರ ಬರುವುದಿಲ್ಲ. ದಿಕ್ಕು ತೋರದೆ ಅವನು ವೇಷ ಮರೆಸಿಕೊಂಡು, ಸತ್ತವರನ್ನು ಎಬ್ಬಿಸಿ ಮಾತನಾಡಿಸುವ ಏಂದೋರಿನ ಹೆಂಗಸಿನ ಬಳಿಗೆ ಹೋಗುತ್ತಾನೆ. ಹೀಬ್ರೂ ಭಾಷೆಯಲ್ಲಿ ಈ ಅರಸನ ಹೆಸರಿಗೆ 'ಕೇಳಿ ಪಡೆದವನು' ಎಂಬ ಅರ್ಥವಿದೆ. ಕೇಳಿದರೂ ಉತ್ತರ ಸಿಗದ ಮೌನವನ್ನು ಇಷ್ಟು ದಾರುಣವಾಗಿ ಚಿತ್ರಿಸುವ ಈ ಪ್ರಸಂಗವು, ಇಂಥ ಮಾಧ್ಯಮಗಳನ್ನು ನಿಷೇಧಿಸಿದ ಧರ್ಮಗ್ರಂಥದೊಳಗೇ ಉಳಿದುಬಂದಿರುವುದು ವಿಶೇಷ.

ಸ್ವರದ ಸ್ವರೂಪವೂ ಒಂದೇ ಬಗೆಯದಲ್ಲ. ಹೋರೇಬಿನಲ್ಲಿ ಎಲೀಯನ ಮುಂದೆ ಬಿರುಗಾಳಿ, ಭೂಕಂಪ, ಬೆಂಕಿಗಳು ಹಾದುಹೋಗುತ್ತವೆ, ಅವುಗಳಲ್ಲಿ ದೇವರಿರಲಿಲ್ಲ. ಅನಂತರ ಬಂದುದನ್ನು ಹೀಬ್ರೂ ಮೂಲವು ಮೂರೇ ಪದಗಳಲ್ಲಿ ಹೇಳುತ್ತದೆ. ಸ್ವರ, ಮೌನ, ತೆಳುವು ಎಂಬ ಭಾವಗಳು ಅಲ್ಲಿ ಒಂದರೊಳಗೊಂದು ಸೇರಿಕೊಂಡಿರುವುದರಿಂದ ಯಾವ ಭಾಷೆಯ ಅನುವಾದಕನಿಗೂ ಅದು ಸವಾಲು. ಯೋಹಾನನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಆಕಾಶದಿಂದ ಬಂದ ಒಂದೇ ಸ್ವರವನ್ನು ಕೆಲವರು ಗುಡುಗೆಂದರೆ ಕೆಲವರು ದೇವದೂತನ ಮಾತೆನ್ನುತ್ತಾರೆ. ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯದ ಪ್ರಕಾರ ಸೌಲನ ಜೊತೆಗಾರರಿಗೆ ಸ್ವರ ಕೇಳಿಸಿತು. 22ನೆಯ ಅಧ್ಯಾಯದ ಪ್ರಕಾರ ಕೇಳಿಸಲಿಲ್ಲ. ಈ ವೈರುಧ್ಯದ ಬಗ್ಗೆ ಗ್ರೀಕ್ ವ್ಯಾಕರಣವನ್ನು ಆಧರಿಸಿ ವಿದ್ವಾಂಸರು ಚರ್ಚಿಸುತ್ತ ಬಂದಿದ್ದಾರೆ. ಸದ್ದು ತಾನಾಗಿ 'ಕೇಳಿಸುವುದು' ಬೇರೆ, ಅದನ್ನು ಮಾತಾಗಿ 'ಕೇಳುವುದು' ಬೇರೆ ಎಂಬ ಕನ್ನಡದ ಭೇದ ಈ ಚರ್ಚೆಗೆ ನೆರವಾಗಬಲ್ಲದು.

ಅನುವಾದಕರ ಆಯ್ಕೆಗಳು

ಬಳ್ಳಾರಿಯಲ್ಲಿ 1810ರಲ್ಲಿ ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ ಅನುವಾದದ ಆದ್ಯರು. ಅವರ ಮತ್ತು ಸಂಗಡಿಗರ ಶ್ರಮದಿಂದ 1830ರ ದಶಕದ ಆರಂಭದ ಹೊತ್ತಿಗೆ ಸಂಪೂರ್ಣ ಬೈಬಲ್ ಕನ್ನಡದಲ್ಲಿ ದೊರೆಯುವಂತಾಯಿತು. 1834ರಲ್ಲಿ ಸಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದು ಬಾಸೆಲ್ ಮಿಷನ್ನಿನ ಕಾರ್ಯವನ್ನು ಆರಂಭಿಸಿದರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್, ಮುಂದೆ ವೈಗ್ಲೆ ಇವರ ಪ್ರಯತ್ನದಿಂದ ಹೊಸ ಒಡಂಬಡಿಕೆಯ ಪರಿಷ್ಕೃತ ಕನ್ನಡ ಆವೃತ್ತಿ 1850ರ ದಶಕದಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ತುಳುವಿನ ಹೊಸ ಒಡಂಬಡಿಕೆ 1847ರಲ್ಲಿಯೇ ಹೊರಬಂದಿತ್ತು.

ದಿವ್ಯವಾಣಿಗೆ ಸಂಬಂಧಿಸಿದಂತೆ ಕನ್ನಡ ಬೈಬಲಿನ ಪರಂಪರೆಯಲ್ಲಿ ನೆಲೆನಿಂತ ಪದಗಳನ್ನು ನೋಡಿದರೆ ಒಂದು ವಿನ್ಯಾಸ ಗೋಚರಿಸುತ್ತದೆ. ಯೇಸು ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನ ಹೊಂದಿದಾಗ ಬಂದ ಸ್ವರಕ್ಕೆ 'ಆಕಾಶವಾಣಿ' ಎಂಬ ಪದ ಬಳಕೆಯಾಗಿದೆ. ಪುರಾಣಶ್ರವಣ ಮತ್ತು ಯಕ್ಷಗಾನಗಳ ಮೂಲಕ ಕರಾವಳಿಯ ಜನರಿಗೆ ಇದು ಪರಿಚಿತ ಕಲ್ಪನೆ. ದೇವಕಿಯ ರಥ ಹೊಡೆಯುತ್ತಿದ್ದ ಕಂಸನಿಗೆ ಕೇಳಿಸಿದ್ದು ಇಂಥದೇ ಅಶರೀರವಾಣಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರಕ್ಕೆ ಇದೇ ಹೆಸರು ಬರುವುದಕ್ಕೆ ಬಹಳ ಹಿಂದೆಯೇ ಈ ಪದ ಪುರಾಣಲೋಕದಲ್ಲಿ ನೆಲೆಗೊಂಡಿತ್ತು. ಯೋಹಾನನ ಸುವಾರ್ತೆಯ ಆರಂಭದ ಗ್ರೀಕ್ ಪರಿಕಲ್ಪನೆಗೆ 'ವಾಕ್ಯ' ಎಂಬ ಪದ ಬಂತು. ಪ್ರವಾದಿಗಳು ದೇವರ ಪರವಾಗಿ ಸಾರುವ ಮಾತಿಗೆ ಹಲವೆಡೆ 'ನುಡಿ' ಎಂಬ ಪದವೇ ಸಂದಿದೆ. ಹೀಗೆ ದೈವಾರಾಧನೆಯ ಅಂಗಳದ ಪದವೊಂದು ಧರ್ಮಗ್ರಂಥದ ಪುಟದಲ್ಲಿಯೂ ಗೌರವದ ಸ್ಥಾನ ಪಡೆಯಿತು.

ಆದರೆ ಸ್ವರದ ಪದಗಳಿಗೆ ಸಿಕ್ಕ ಈ ಮನ್ನಣೆ ಆವೇಶದ ಪದಗಳಿಗೆ ಸಿಗಲಿಲ್ಲ. ಮನುಷ್ಯ ದೇಹವನ್ನು ಹೊಕ್ಕು ಮಾತನಾಡುವ ಶಕ್ತಿಗಳಿಗೆ ಸುವಾರ್ತೆಗಳಲ್ಲಿ 'ದೆವ್ವ' ಎಂಬ ಪದ ನಿಂತಿತು. ಮಿಷನರಿಗಳ ದೃಷ್ಟಿಯಲ್ಲಿ ಪಾತ್ರಿಯ ಆವೇಶ ಈ ವರ್ಗಕ್ಕೆ ಸೇರಿದುದು. ಎ.ಸಿ. ಬರ್ನೆಲ್ ಸಂಗ್ರಹದ ಸಾಮಗ್ರಿ 1894ರಿಂದ ಇಂಡಿಯನ್ ಆಂಟಿಕ್ವೆರಿಯಲ್ಲಿ ಪ್ರಕಟವಾದಾಗ ಅದರ ಶೀರ್ಷಿಕೆಯೇ ತುಳುವರ ಆರಾಧನೆಯನ್ನು ಪಿಶಾಚಪೂಜೆ ಎಂದು ಕರೆಯಿತು. ಜನರ ಪಾಲಿಗೆ ನ್ಯಾಯ ಹೇಳುವ ಹಿರಿಯ ಶಕ್ತಿಯಾಗಿದ್ದುದು ಅಚ್ಚಿನ ಲೋಕದಲ್ಲಿ ಪಿಶಾಚಿಯಾಯಿತು. ಈ ನಾಮಕರಣದ ನೋವು ಸಣ್ಣದಲ್ಲ. ಅದರ ಪರಿಣಾಮ ಕರಾವಳಿಯ ಬಗೆಗಿನ ಬರವಣಿಗೆಯಲ್ಲಿ ದೀರ್ಘಕಾಲ ಉಳಿಯಿತು. ಇಷ್ಟಾದರೂ ಬಾಸೆಲ್ ಮಿಷನ್ನಿನ ಆಗಸ್ಟ್ ಮ್ಯಾನರ್ ಅವರೇ 1886ರಲ್ಲಿ ಪಾಡ್ದನಗಳ ಸಂಕಲನವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಯಾವ ನುಡಿಯನ್ನು ನಿಲ್ಲಿಸಬೇಕೆಂದು ಮಿಷನ್ ಬಯಸಿತ್ತೋ ಆ ನುಡಿಯ ಹಿಂದಿನ ಕಥನಗಳನ್ನು ಅದೇ ಮಿಷನ್ನಿನ ಮುದ್ರಣಾಲಯ ಉಳಿಸಿಕೊಟ್ಟಿತು. ಜಾನಪದ ಅಧ್ಯಯನವು ಈ ಎರಡನ್ನೂ ಒಟ್ಟಿಗೆ ನೆನೆಯಬೇಕಾಗಿದೆ.

ಕೇಳುಗರ ಚರಿತ್ರೆ

ಕುಂದಾಪುರ ಪರಿಸರದಲ್ಲಿ ಕ್ರೈಸ್ತ ಧರ್ಮದ ಇತಿಹಾಸ ಬಾಸೆಲ್ ಮಿಷನ್ನಿಗಿಂತ ಬಹಳ ಹಿಂದಿನದು. ಕುಂದಾಪುರದ ರೋಸರಿ ಮಾತೆಯ ಚರ್ಚಿನ ಸ್ಥಾಪನೆಯನ್ನು ಪೋರ್ಚುಗೀಸರ ಕಾಲಕ್ಕೆ, 1570ಕ್ಕೆ ಒಯ್ಯಲಾಗುತ್ತದೆ. 1681ರಿಂದ 1684ರವರೆಗೆ ಕೆನರಾ ಮಿಷನ್ನಿನ ಹೊಣೆ ಹೊತ್ತಿದ್ದ ಜೋಸೆಫ್ ವಾಜ್ ಅವರ ಸ್ಮರಣೆ ಈ ಚರ್ಚಿನೊಂದಿಗೆ ಬೆಸೆದುಕೊಂಡಿದೆ. 2015ರಲ್ಲಿ ಅವರು ಸಂತಪದವಿಗೆ ಏರಿದರು. ಇಲ್ಲಿಯ ಕೊಂಕಣಿ ಕಥೋಲಿಕರು ಶತಮಾನಗಳ ಕಾಲ ಬಲಿಪೂಜೆಯನ್ನು ಲತೀನ್ ಭಾಷೆಯಲ್ಲಿ ಆಲಿಸಿದರು. ಮಂತ್ರದ ಸದ್ದು ಕೇಳಿಸುತ್ತಿತ್ತು. ಮಾತಿನ ಅರ್ಥ ಪ್ರಸಂಗದಿಂದ, ಪ್ರಾರ್ಥನೆಗಳಿಂದ, ಹಾಡಿನಿಂದ ತಿಳಿಯಬೇಕಿತ್ತು. ಈ ಕೊರತೆಯನ್ನು ತುಂಬಿದ ಕೃತಿಗಳಲ್ಲಿ ತೋಮಸ್ ಸ್ಟೀಫನ್ಸರ ಕ್ರಿಸ್ತಪುರಾಣ ಪ್ರಮುಖವಾದುದು. 1616ರಲ್ಲಿ ಗೋವೆಯಲ್ಲಿ ಮೊದಲು ಅಚ್ಚಾದ, ಹತ್ತು ಸಾವಿರಕ್ಕೂ ಹೆಚ್ಚು ಓವಿಗಳ ಈ ಮರಾಠಿ ಕಾವ್ಯದ ಹಸ್ತಪ್ರತಿಗಳು ಕೆನರಾ ಕ್ರೈಸ್ತರಲ್ಲಿ ಉಳಿದುಬಂದಿದ್ದವು. ಅವುಗಳ ನೆರವಿನಿಂದ ಜೋಸೆಫ್ ಸಲ್ದಾನಾ 1907ರಲ್ಲಿ ಮಂಗಳೂರಿನಲ್ಲಿ ಅದನ್ನು ಸಂಪಾದಿಸಿದರು. ಧರ್ಮಗ್ರಂಥವನ್ನು ಪುರಾಣವಾಗಿ ಕೇಳುವ ಈ ಕ್ರಮ ಕರಾವಳಿಯ ಪುರಾಣಶ್ರವಣದ ಪದ್ಧತಿಗೆ ಹೊಂದಿಕೊಳ್ಳುವಂಥದು. ಫರ್ಡಿನೆಂಡ್ ಕಿಟೆಲ್ 1862ರಲ್ಲಿ ಕ್ರಿಸ್ತಚರಿತೆಯನ್ನು ಕನ್ನಡ ಛಂದಸ್ಸಿನಲ್ಲಿ ಕಥಾಮಾಲೆ ಎಂಬ ಹೆಸರಿನಿಂದ ರಚಿಸಿದುದರ ಹಿಂದೆಯೂ ಇದೇ ಅರಿವು ಕೆಲಸ ಮಾಡಿರಬೇಕು.

ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಶಾಲೆ ಮತ್ತು ಮುದ್ರಣಾಲಯಗಳು ಕೇಳುವ ಕ್ರಮವನ್ನು ಬದಲಿಸಿದವು. ಗ್ರಂಥ ಪ್ರತಿಯೊಬ್ಬನ ಕೈಗೂ ಬರುವಂತಾದಾಗ ದೇವಸ್ವರವನ್ನು ಕೇಳುವುದೆಂದರೆ ಓದುವುದು ಅಥವಾ ಓದಿಸಿ ಆಲಿಸುವುದು ಎಂದಾಯಿತು. ಪ್ರಶ್ನೆಯನ್ನು ಪಾತ್ರಿಯ ಮುಂದೆ ಇಡುತ್ತಿದ್ದವನು ಈಗ ಪುಸ್ತಕದ ಮುಂದೆ ಇಡಬೇಕಾಯಿತು. ನುಡಿ ಒಬ್ಬ ಮನುಷ್ಯನ ಹೆಸರು ಹೇಳಿ, ಅವನ ಮನೆಯ ಸಂಕಟಕ್ಕೆ ನೇರವಾಗಿ ಉತ್ತರಿಸುತ್ತಿತ್ತು. ವಾಕ್ಯವಾದರೋ ಎಲ್ಲರಿಗೂ ಒಂದೇ. ಎಲ್ಲರಿಗೂ ಒಂದೇ ಆದ ಮಾತನ್ನು ತನಗೇ ಹೇಳಿದ ಮಾತೆಂದು ಕೇಳಿಸಿಕೊಳ್ಳುವ ಹೊಣೆ ಕೇಳುಗನ ಮೇಲೆಯೇ ಬಿತ್ತು. ಮತಾಂತರದ ಚರಿತ್ರೆಯನ್ನು ಬರೆದವರು ಜಾತಿ, ಆಸ್ತಿ, ಉದ್ಯೋಗಗಳ ಪಲ್ಲಟವನ್ನು ಸಾಕಷ್ಟು ಗುರುತಿಸಿದ್ದಾರೆ. ಕೇಳುವ ಬಗೆಯಲ್ಲಿ ಆದ ಈ ಪಲ್ಲಟವೂ ಅಷ್ಟೇ ಆಳವಾದುದು. ಕಥೋಲಿಕರಲ್ಲಿ ಇದೇ ತೆರನ ಬದಲಾವಣೆ ಎರಡನೆಯ ವ್ಯಾಟಿಕನ್ ಮಹಾಸಭೆಯ 1963ರ ಆರಾಧನಾ ವಿಧಿಯ ಶಾಸನದ ಬಳಿಕ, ದೇಶಭಾಷೆಗಳಿಗೆ ಬಲಿಪೀಠದಲ್ಲಿ ಸ್ಥಾನ ದೊರೆತಾಗ ಉಂಟಾಯಿತು.

ಸ್ವರದ ಪರೀಕ್ಷೆ

ಕೇಳಿಸಿದ್ದೆಲ್ಲವೂ ದೇವರ ಸ್ವರವಲ್ಲ ಎಂಬ ಎಚ್ಚರ ಎರಡೂ ಪರಂಪರೆಗಳಲ್ಲಿದೆ. ಪಾತ್ರಿಯ ನುಡಿಯನ್ನು ಊರು ಕಣ್ಣುಮುಚ್ಚಿ ಒಪ್ಪುವುದಿಲ್ಲ. ನುಡಿದದ್ದು ಕಟ್ಟಳೆಗೆ ಹೊಂದುವುದೇ, ಪಕ್ಷಪಾತವಿಲ್ಲದ್ದೇ ಎಂದು ತೂಗಿನೋಡುತ್ತದೆ. ಹೊಸ ಒಡಂಬಡಿಕೆಯಲ್ಲಿ ಯೋಹಾನನ ಮೊದಲ ಪತ್ರವು ಎಲ್ಲ ಆತ್ಮಗಳನ್ನೂ ನಂಬದೆ ಪರೀಕ್ಷಿಸಬೇಕೆಂದು ಹೇಳುತ್ತದೆ. ದೇವರು ನುಡಿಯದಿದ್ದರೂ ನುಡಿದನೆಂದು ಹೇಳುವ ಪ್ರವಾದಿಗಳ ಮೇಲೆ ಯೆರೆಮೀಯನ ಸಿಟ್ಟು ತೀಕ್ಷ್ಣವಾದುದು.

ಪರೀಕ್ಷೆಯ ಒರೆಗಲ್ಲು ಯಾವುದು? ಅರಸುಗಳ ಮೊದಲ ಗ್ರಂಥದ 21ನೆಯ ಅಧ್ಯಾಯ ಇದಕ್ಕೆ ಉತ್ತರ ಕೊಡಬಲ್ಲದು. ನಾಬೋತನೆಂಬ ಸಾಮಾನ್ಯನ ಪಿತ್ರಾರ್ಜಿತ ದ್ರಾಕ್ಷಿತೋಟದ ಮೇಲೆ ಅರಸ ಅಹಾಬನಿಗೆ ಆಸೆಯಾಗುತ್ತದೆ. ನಾಬೋತ ಕೊಡಲೊಪ್ಪುವುದಿಲ್ಲ. ಸುಳ್ಳು ಸಾಕ್ಷಿ ಹೂಡಿ ಅವನನ್ನು ಕೊಲ್ಲಿಸಲಾಗುತ್ತದೆ. ಅರಸನು ತೋಟವನ್ನು ವಶಪಡಿಸಿಕೊಳ್ಳಲು ಹೋದಾಗ ಅಲ್ಲಿ ಎಲೀಯನು ದೇವರ ಮಾತಿನೊಡನೆ ಎದುರಾಗುತ್ತಾನೆ. ಹೋರೇಬಿನಲ್ಲಿ ಮೌನದಷ್ಟು ತೆಳುವಾಗಿದ್ದ ಸ್ವರ ಈ ತೋಟದಲ್ಲಿ ಅರಸನನ್ನು ನಡುಗಿಸುವ ತೀರ್ಪಾಗುತ್ತದೆ. ಭೂಮಿ ಕಳೆದುಕೊಂಡವನ ಪರವಾಗಿ, ಕಸಿದುಕೊಂಡವನ ಎದುರು ನಿಲ್ಲುವ ದಿವ್ಯದ ಮಾತು ಕರಾವಳಿಯ ದೈವಕಥನಗಳನ್ನು ಬಲ್ಲವರಿಗೆ ಬಹಳ ಪರಿಚಿತ. ಕಂಸನಿಗೆ ಕೇಳಿಸಿದ ಅಶರೀರವಾಣಿ ವಿಧಿಯನ್ನು ತಿಳಿಸುತ್ತದೆಯೇ ಹೊರತು ಅವನಿಂದ ಏನನ್ನೂ ಬೇಡುವುದಿಲ್ಲ. ಪ್ರವಾದಿಯ ಮಾತು ಮತ್ತು ದೈವದ ನುಡಿ ಹಾಗಲ್ಲ. ಎರಡೂ ಕೇಳುಗನಿಂದ ತಿದ್ದುಪಡಿಯನ್ನು ಬಯಸುತ್ತವೆ. ಅಹಾಬನು ಸಹ ಮಾತು ಕೇಳಿ ತಗ್ಗಿದಾಗ ದಂಡನೆ ಮುಂದಕ್ಕೆ ಹೋಗುತ್ತದೆ.

ಸಮಾರೋಪ

ಈ ಸಾಮ್ಯಗಳಿಂದ ಎರಡು ಪರಂಪರೆಗಳೂ ಒಂದೇ ಎಂದು ತೀರ್ಮಾನಿಸುವುದು ಸರಿಯಾಗದು. ಉಪ್ಪುಂದ ಸೀಮೆಯ ನುಡಿಯಲ್ಲಿ ಮನುಷ್ಯನ ಪ್ರಶ್ನೆ ಮುಂದು. ಕ್ರೈಸ್ತ ಧರ್ಮಗ್ರಂಥದಲ್ಲಿ ಬಹುಮಟ್ಟಿಗೆ ದೇವರ ಕರೆ ಮುಂದು. ಒಂದರಲ್ಲಿ ಸ್ವರಕ್ಕೆ ಜೀವಂತ ದೇಹದ ಆಸರೆ. ಇನ್ನೊಂದರಲ್ಲಿ ಅದು ಕ್ರಮೇಣ ಗ್ರಂಥದ ಆಸರೆ ಪಡೆಯಿತು. ಈ ಭೇದಗಳನ್ನು ಅಳಿಸದೆಯೇ ಒಂದು ಮಾತನ್ನು ಹೇಳಬಹುದು. ಮಿಷನರಿಗಳು ತೀರ್ಪು ಕೊಟ್ಟದ್ದು ಸ್ವರ ಯಾರ ದೇಹದಿಂದ, ಯಾವ ಆವೇಶದಲ್ಲಿ ಬಂತು ಎಂಬುದರ ಮೇಲೆ. ಅವರು ಅನುವಾದಿಸಿದ ಗ್ರಂಥವಾದರೋ ಸ್ವರವನ್ನು ತೂಗುವುದು ಅದು ಯಾರ ಪರವಾಗಿ ನಿಲ್ಲುತ್ತದೆ, ಕೇಳಿದವನನ್ನು ಏನು ಮಾಡಹಚ್ಚುತ್ತದೆ ಎಂಬುದರಿಂದ. ಈ ಒರೆಗಲ್ಲಿನ ಮುಂದೆ ದೈವದ ನುಡಿಯನ್ನೂ ಇಟ್ಟು ನೋಡಿದ್ದರೆ 'ಪಿಶಾಚಪೂಜೆ' ಎಂಬ ಹೆಸರು ಅಷ್ಟು ಸಲೀಸಾಗಿ ಹುಟ್ಟುತ್ತಿರಲಿಲ್ಲ.

ದಿವ್ಯಸ್ವರವನ್ನು ಕೇಳುವುದು ಕಿವಿಯ ಅನುಭವದಲ್ಲಿ ಆರಂಭವಾದರೂ ಅಲ್ಲಿಯೇ ಮುಗಿಯುವುದಿಲ್ಲ. ಗದ್ದೆಯ ಗಡಿಗಲ್ಲು ಇದ್ದ ಜಾಗಕ್ಕೆ ಮರಳಿದಾಗ, ತೀರದ ಹರಕೆ ತೀರಿದಾಗ, ಕಸಿದ ತೋಟದ ಮುಂದೆ ಅರಸ ತಲೆ ತಗ್ಗಿಸಿದಾಗ ಅದು ಪೂರ್ಣವಾಗುತ್ತದೆ. ಮಾತು ಕೇಳದ ಮಗನಿಗೆ ಕಿವಿ ಇಲ್ಲವೇ ಎಂದು ಕನ್ನಡದ ತಾಯಂದಿರು ಗದರುವಾಗ ಅವನ ಶ್ರವಣಶಕ್ತಿಯನ್ನು ಯಾರೂ ಸಂಶಯಿಸುವುದಿಲ್ಲ. ಧರ್ಮಗ್ರಂಥ ಬಯಸುವ ಕೇಳುವಿಕೆಯೂ ಈ ಗದರಿಕೆಯೊಳಗಿನ ಕೇಳುವಿಕೆಯೇ.